ಘಟ್ಟ ಇಳಿಯುವ ಮುನ್ನ

ಆಗುಂಬೆಯ ಹೆಸರು ಕಿವಿಗೆ ಬಿದ್ದೊಡನೆ ಬಯಲುಸೀಮೆಯವರಿಗೆ ಸೂರ್ಯಾಸ್ತ ನೆನಪಾಗುತ್ತದೆ. ಆ ಬಳಿಕ ಮಳೆ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಈ ಊರಿನಲ್ಲಿ ಚಿತ್ರಿಸಿದ ಮೇಲೆ ನೆನಪಿಗೆ ಮೂರನೆಯ ಕಾರಣವೊಂದು ಸೇರಿಕೊಂಡಿತು. ಆದರೆ ತೀರ್ಥಹಳ್ಳಿ ಸೀಮೆಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಆಗುಂಬೆ ಎಂದರೆ ಮುಖ್ಯವಾಗಿ ಒಂದು ರಸ್ತೆ. ತೀರ್ಥಹಳ್ಳಿಯಿಂದ ಹೊರಟು, ಹೆಬ್ರಿಯನ್ನು ಹಾದು, ಉಡುಪಿಯ ಮೂಲಕ ಮಲ್ಪೆಯ ಕಡಲನ್ನು ಮುಟ್ಟುವ 169ಎ ರಾಷ್ಟ್ರೀಯ ಹೆದ್ದಾರಿಯು ಆಗುಂಬೆಯನ್ನು ದಾಟಿದ ಕೂಡಲೆ ಸಹ್ಯಾದ್ರಿಯ ಅಂಚಿನಿಂದ ಕೆಳಗಿಳಿಯತೊಡಗಿ, 14 ಹೇರ್‌ಪಿನ್ ತಿರುವುಗಳನ್ನು ಸುತ್ತಿ ಸೋಮೇಶ್ವರವನ್ನು ಸೇರುತ್ತದೆ. ಮಲೆನಾಡಿನ ರೋಗಿಯನ್ನು ಮಣಿಪಾಲದ ಆಸ್ಪತ್ರೆಗೆ ಒಯ್ಯುವ ವಾಹನಕ್ಕೂ ಇದೇ ದಾರಿ. ಮಧುಚಂದ್ರಕ್ಕೆಂದು ಬರುವ ದಂಪತಿಗಳಿಗೂ ಇದೇ ದಾರಿ. ಒಬ್ಬರ ಅಜಾಗರೂಕತೆಯಿಂದ ಇಲ್ಲೊಂದು ಕಾರು ರಸ್ತೆಗೆ ಅಡ್ಡವಾಗಿ ನಿಂತಿತೆಂದರೆ, ಹಿಂದೆ ಬರುತ್ತಿರುವ ಇನ್ನೊಬ್ಬರ ಪ್ರಾಣಕ್ಕೆ ಸಂಚಕಾರ ಬರುವುದು ಅತಿಶಯೋಕ್ತಿಯಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಒಂದು ಬೈಸಿಕಲ್ಲು ಬಂದುದಕ್ಕೇ ಈ ಸೀಮೆಯ ಜನರೆಲ್ಲ ಬೆರಗಾಗುತ್ತಾರೆ. ಇಂದು ಅದೇ ಸೀಮೆಯ ಮನೆಮನೆಯ ಅಂಗಳದಲ್ಲಿಯೂ ಒಂದು ಮೋಟಾರು ಸೈಕಲ್ಲು ನಿಂತಿದೆ. ಅಡಕೆಗೆ ತುಸು ಬೆಲೆ ಬಂದ ವರ್ಷ ಪಕ್ಕದಲ್ಲಿ ಒಂದು ಕಾರೂ ಬಂದು ನಿಲ್ಲುತ್ತದೆ. ವಾಹನವನ್ನು ಕೊಳ್ಳುವಾಗ ಅದರ ಬಣ್ಣ, ಮೈಲೇಜು, ಪರದೆಯ ಗಾತ್ರ ಇವುಗಳ ವಿಚಾರ ವಿಸ್ತಾರವಾಗಿ ನಡೆಯುತ್ತದೆ. ಘಟ್ಟದಲ್ಲಿ ಅದನ್ನು ಹೇಗೆ ಇಳಿಸಬೇಕೆಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಈ ಮಾತು ಅನಿವಾರ್ಯವಾಗಿದೆ. ಶನಿವಾರ ಮಧ್ಯಾಹ್ನ ತರಗತಿ ಮುಗಿದೊಡನೆ, ಒಂದೊಂದು ಬೈಕಿನ ಮೇಲೆ ಇಬ್ಬಿಬ್ಬರು ಹುಡುಗರು ಮಲ್ಪೆಗೆ ಹೊರಟು ನಿಲ್ಲುವುದನ್ನು ನೋಡಿದಾಗ, ಸೋಮವಾರದ ಹಾಜರಿ ಪುಸ್ತಕ ಕಣ್ಣಮುಂದೆ ಬರುತ್ತದೆ.

ಮೊದಲು ಬ್ರೇಕಿನ ವಿಚಾರ. ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿದೆ. ಸೋಮೇಶ್ವರದವರೆಗೆ ಸುಮಾರು 500 ಮೀಟರು ಇಳಿಯಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಾಲ್ಕು ಜನರೂ ಸಾಮಾನೂ ಸೇರಿ 1400 ಕಿಲೋ ತೂಗುವ ಒಂದು ಕಾರು ಅಷ್ಟು ಎತ್ತರದಿಂದ ಇಳಿದಾಗ ಅದರಲ್ಲಿ ಅಡಗಿದ್ದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಬರಿಯ ಬ್ರೇಕಿನಿಂದಲೇ ಕಾರನ್ನು ತಡೆಯುತ್ತ ಬಂದರೆ ಆ ಶಕ್ತಿಯ ಬಹುಭಾಗ ಬ್ರೇಕಿನಲ್ಲಿ ಶಾಖವಾಗುತ್ತದೆ. ಅಷ್ಟೂ ಶಾಖವನ್ನು ಒಟ್ಟುಗೂಡಿಸಿದರೆ 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು! ಒಂದು ದೊಡ್ಡ ಹಂಡೆಯ ನೀರನ್ನು ಕಾಯಿಸುವ ಉರಿಯನ್ನು ಅಂಗೈ ಅಗಲದ ನಾಲ್ಕಾರು ಪ್ಯಾಡುಗಳು ತಾಳಿಕೊಳ್ಳಬೇಕು. ಪ್ಯಾಡು ಅತಿಯಾಗಿ ಕಾದಾಗ ಅದರ ಹಿಡಿತ ಕುಗ್ಗುತ್ತದೆ. ಪೆಡಲನ್ನು ಎಷ್ಟು ಬಲವಾಗಿ ಒತ್ತಿದರೂ ವಾಹನ ನಿಲ್ಲಲೊಲ್ಲದು.

ಇದಕ್ಕಿಂತ ಹೆಚ್ಚು ಮೋಸಗಾರ ಅಪಾಯ ಇನ್ನೊಂದಿದೆ. ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ. ನೀರು ಬೆರೆತ ಸ್ಥಿತಿಯಲ್ಲಿ ಆ ಮಟ್ಟ 155 ಡಿಗ್ರಿಗೆ ಇಳಿಯಬಹುದು. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದಕಾರಣ ಪೆಡಲು ಮೆತ್ತಗಾಗಿ ಪಾತಾಳಕ್ಕೆ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಗೂ ಬೂಷ್ಟು ಹಿಡಿಯುವ ನಮ್ಮ ಊರುಗಳಲ್ಲಿ ಈ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣವಾಗಿ ಬದಲಾಯಿಸುವುದು ಅಗತ್ಯ. ಮೇಲೆ ಸ್ವಲ್ಪ ಹೊಸದನ್ನು ತುಂಬಿಸಿ ‘ಆಯಿತು’ ಎನ್ನುವುದು ಬದಲಾಯಿಸಿದಂತಲ್ಲ.

ನಮ್ಮ ಸಹೋದ್ಯೋಗಿಯೊಬ್ಬರು ಮಗುವಿನ ಮೊದಲ ಹುಟ್ಟುಹಬ್ಬಕ್ಕೆಂದು ಸಂಸಾರ ಸಮೇತರಾಗಿ ಉಡುಪಿಯ ಕೃಷ್ಣದರ್ಶನಕ್ಕೆ ಹೊರಟಿದ್ದರು. ಸಂಭಾವಿತರು, ಮಿತವ್ಯಯಿಗಳು. ಇಳಿಜಾರಿನಲ್ಲಿ ಪೆಟ್ರೋಲು ಏಕೆ ಸುಡಬೇಕೆಂದು ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಘಟ್ಟವನ್ನು ಇಳಿಸತೊಡಗಿದರು. ಅರ್ಧ ಘಟ್ಟ ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು; ಮುಂದಿನ ವಾಹನದ್ದಿರಬೇಕೆಂದು ಅಂದುಕೊಂಡರು. ಮತ್ತೊಂದು ತಿರುವಿಗೆ ಪೆಡಲು ಇಳಿದುಹೋಯಿತು. ಎದುರಿಗೆ ಬರುತ್ತಿದ್ದ ಬಸ್ಸಿನ ಚಾಲಕ ಪರಿಸ್ಥಿತಿಯನ್ನು ಅರಿತು ಅಲ್ಲಿಯೇ ನಿಂತುದರಿಂದಲೂ, ಇವರು ಕಾರನ್ನು ಧರೆಯ ಕಡೆಯ ಚರಂಡಿಗೆ ಹೊರಳಿಸಿದುದರಿಂದಲೂ ಕಾರಿನ ಬದಿ ತರಚಿ ಹೋದದ್ದಷ್ಟೇ ನಷ್ಟ. ಆಮೇಲೆ ತಿಳಿದುಬಂದದ್ದೇನೆಂದರೆ, ಆ ಬ್ರೇಕ್ ಆಯಿಲ್ ಕಾರು ಕೊಂಡಂದಿನಿಂದ ಐದು ವರ್ಷ ಬದಲಾಗಿರಲೇ ಇಲ್ಲ.

ಅವರ ಮಿತವ್ಯಯದ ಲೆಕ್ಕವೂ ತಪ್ಪೇ ಆಗಿತ್ತು. ಈಗಿನ ಇಂಜೆಕ್ಷನ್ ಪದ್ಧತಿಯ ಎಂಜಿನ್ನುಗಳಲ್ಲಿ, ವಾಹನ ಗೇರಿನಲ್ಲಿದ್ದು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದಿದ್ದರೆ, ಇಳಿಜಾರಿನಲ್ಲಿ ಇಂಧನದ ಪೂರೈಕೆ ತಾನಾಗಿಯೇ ನಿಂತುಹೋಗುತ್ತದೆ. ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಿಯಾದರೋ ಎಂಜಿನ್ನು ಆರದಿರಲು ಪೆಟ್ರೋಲು ಬೇಕೇ ಬೇಕು. ಹಾಗಾಗಿ ಗೇರಿನಲ್ಲಿ ಇಳಿಯುವವನಿಗೆ ಪ್ರಾಣವೂ ಉಳಿಯಿತು, ಪೆಟ್ರೋಲೂ ಉಳಿಯಿತು.

ಹಳೆಯ ಲಾರಿ ಚಾಲಕರ ಮಾತೊಂದುಂಟು: ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಂದಿನ ವಾಹನಗಳಿಗೂ ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ. ಕಡಿದಾದ ಕಡೆಗಳಲ್ಲಿ ಎರಡನೆಯ ಗೇರು, ಹೇರ್‌ಪಿನ್ ತಿರುವಿನಲ್ಲಿ ಅಗತ್ಯ ಬಿದ್ದರೆ ಮೊದಲನೆಯದು. ಗೇರನ್ನು ತಿರುವಿಗೆ ಮೊದಲೇ ಬದಲಾಯಿಸಬೇಕು. ತಿರುವಿನ ನಡುವೆ ಕ್ಲಚ್ಚು ಒತ್ತಿದರೆ ಎಂಜಿನ್ನಿನ ತಡೆ ತಪ್ಪಿ ವಾಹನ ಮುಂದಕ್ಕೆ ನುಗ್ಗುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಬಲವಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು, ಅದಕ್ಕೆ ಉಸಿರಾಡಲು ಅವಕಾಶ ಕೊಡಬೇಕು. ಆಟೋಮ್ಯಾಟಿಕ್ ಗೇರಿನ ಕಾರುಳ್ಳವರು ‘ಡಿ’ಯಲ್ಲಿಯೇ ಬಿಟ್ಟು ಇಳಿಯುವುದನ್ನು ಕಂಡಿದ್ದೇನೆ. ಆ ಕಾರುಗಳಲ್ಲಿಯೂ ‘ಎಲ್’ ಎಂದೋ, ಕೈಯಿಂದ ಗೇರು ತಗ್ಗಿಸುವ ‘ಎಂ’ ಎಂದೋ ಒಂದು ಸ್ಥಾನ ಸಾಮಾನ್ಯವಾಗಿ ಇರುತ್ತದೆ. ಘಟ್ಟಕ್ಕೆ ಬರುವ ಮುನ್ನ ಮನೆಯಲ್ಲಿ ಕುಳಿತು ಕೈಪಿಡಿಯನ್ನು ತೆರೆದು ಅದನ್ನು ಗುರುತು ಮಾಡಿಕೊಳ್ಳತಕ್ಕದ್ದು.

ವಿದ್ಯುತ್ ಕಾರುಗಳದು ಬೇರೊಂದು ಬಗೆ. ಇಳಿಯುವಾಗ ಅವುಗಳ ಮೋಟಾರೇ ಬ್ರೇಕಿನ ಕೆಲಸ ಮಾಡಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿದ ವಿದ್ಯುತ್ತಿಗೆ ಸ್ಥಳವೆಲ್ಲಿ? ಆಗ ಆ ತಡೆ ಬಹಳ ಕಡಿಮೆಯಾಗಿ ಭಾರವೆಲ್ಲ ಸಾಧಾರಣ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ಮೇಲಿನ ಊರಿನಲ್ಲಿ ಚಾರ್ಜು ಮಾಡಿಕೊಂಡು ನೇರವಾಗಿ ಇಳಿಯುವವರು ನೂರಕ್ಕೆ ನೂರು ತುಂಬಿಸದೆ ಸ್ವಲ್ಪ ಬಿಡುವು ಉಳಿಸಿಕೊಳ್ಳುವುದು ಜಾಣತನ.

ಇನ್ನು ಗೇರಿಲ್ಲದ ಸ್ಕೂಟರು. ಪೇಟೆಯಲ್ಲಿ ಅದರಷ್ಟು ಸುಲಭದ ವಾಹನ ಬೇರೊಂದಿಲ್ಲ. ಘಟ್ಟದಲ್ಲಿ ಅದರ ಗುಣ ತಿರುಗುಮುರುಗಾಗುತ್ತದೆ. ವೇಗ ತೀರ ತಗ್ಗಿದಾಗ ಅದರ ಕ್ಲಚ್ಚು ತಾನಾಗಿಯೇ ಬಿಟ್ಟುಕೊಂಡು ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಚಿಕ್ಕ ಗಾಲಿ, ಹಿಂದೆ ಡ್ರಮ್ ಬ್ರೇಕು, ಬೆನ್ನಿಗೆ ಇನ್ನೊಬ್ಬರು, ಕಾಲ ಬಳಿ ಒಂದು ಚೀಲ ಅಡಕೆ! ಹೀಗೆ ಇಳಿಯುವವರು ನಡುನಡುವೆ ಅಗಲವಾದ ಜಾಗದಲ್ಲಿ ನಿಂತು, ಬ್ರೇಕುಗಳು ಆರುವವರೆಗೆ ಹತ್ತು ನಿಮಿಷ ಕಾಡಿನ ಹಸುರನ್ನು ನೋಡುತ್ತ ಕುಳಿತರೆ ಕಳೆದುಕೊಳ್ಳುವುದೇನೂ ಇಲ್ಲ. ಕಾದ ಡಿಸ್ಕಿನ ಮೇಲೆ ಝರಿಯ ತಣ್ಣೀರು ಎರಚುವ ಅಭ್ಯಾಸವೊಂದಿದೆ. ಅದರಿಂದ ಡಿಸ್ಕು ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಅದು ಕೂಡದು.

ಪೆಡಲು ಇಳಿದೇ ಹೋದರೆ? ಗಾಬರಿಯಿಂದ ಕೀಲಿ ತಿರುಗಿಸಿ ಎಂಜಿನ್ನು ಆರಿಸಬಾರದು. ಸ್ಟಿಯರಿಂಗು ಬಿಗಿಯಾಗುತ್ತದೆ, ಕೀಲಿ ಹೊರಬಂದರೆ ಬೀಗವೇ ಬಿದ್ದೀತು. ಪೆಡಲನ್ನು ಬೇಗಬೇಗನೆ ಮೇಲಿಂದ ಮೇಲೆ ಒತ್ತಬೇಕು; ಕೆಲವೊಮ್ಮೆ ಒತ್ತಡ ಮರಳುತ್ತದೆ. ಗೇರನ್ನು ಒಂದೊಂದಾಗಿ ತಗ್ಗಿಸುತ್ತ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಅದನ್ನು ಸ್ವಲ್ಪಸ್ವಲ್ಪವಾಗಿ ಮೇಲೆಳೆಯಬೇಕು. ಒಮ್ಮೆಲೆ ಎಳೆದರೆ ಹಿಂದಿನ ಗಾಲಿಗಳು ಕಚ್ಚಿಕೊಂಡು ವಾಹನ ಗಿರಕಿ ಹೊಡೆಯುತ್ತದೆ. ಹಾರ್ನು ಕೂಗುತ್ತಲೇ ಇರಲಿ. ಕೊನೆಯ ಉಪಾಯ ಧರೆಯ ಕಡೆಗೆ ಹೊರಳುವುದು. ಪ್ರಪಾತದ ಕಡೆಯ ತಡೆಗೋಡೆಯನ್ನು ನಂಬುವುದಕ್ಕಿಂತ ಚರಂಡಿಯ ಕೆಸರನ್ನು ನಂಬುವುದು ಮೇಲು.

ಆರಿದ್ರಾ, ಪುನರ್ವಸು ಮಳೆಗಳು ಹಿಡಿದ ಮೇಲೆ ರಸ್ತೆಯ ರೂಪವೇ ಬೇರೆ. ಅಂಚಿನಲ್ಲಿ ಪಾಚಿ, ನಡುವೆ ಕೊಳೆತ ಎಲೆ, ಅಲ್ಲಲ್ಲಿ ಧರೆಯಿಂದ ಉರುಳಿದ ಕಲ್ಲು. ಇತ್ತೀಚಿನ ಹಲವು ಮಳೆಗಾಲಗಳಲ್ಲಿ ಜಿಲ್ಲಾಡಳಿತಗಳು ಈ ಘಟ್ಟದಲ್ಲಿ ಭಾರಿ ವಾಹನಗಳ ಸಂಚಾರವನ್ನು ತಡೆದಿರುವುದುಂಟು. ಹೊರಡುವ ದಿನವೇ ವಿಚಾರಿಸಿಕೊಂಡು ಹೊರಡಬೇಕು. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಿಂದ ಹೊಸಂಗಡಿಗೆ ಇಳಿಯುವ ಬಾಳೆಬರೆ ಘಟ್ಟವನ್ನು ಬದಲಿಗೆ ಹಿಡಿಯುವವರಿದ್ದಾರೆ. ಅಲ್ಲಿಯೂ ಮಳೆ ಇದಕ್ಕೆ ಸೋತದ್ದಲ್ಲ. ಮೇಲೆ ಹೇಳಿದ ಮಾತುಗಳೆಲ್ಲ ಅಲ್ಲಿಗೂ ಸಲ್ಲುತ್ತವೆ.

ಮಂಜಿನಲ್ಲಿ ವೇಗದ ಲೆಕ್ಕ ಹೀಗಿದೆ. ಗಂಟೆಗೆ 40 ಕಿಲೋಮೀಟರು ವೇಗದ ವಾಹನ ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಒಂದು ಸೆಕೆಂಡು, ಒದ್ದೆ ಇಳಿಜಾರಿನಲ್ಲಿ ನಿಲ್ಲುವುದಕ್ಕೆ ಇನ್ನು ಹತ್ತೊಂಬತ್ತು ಇಪ್ಪತ್ತು ಮೀಟರು. ಒಟ್ಟು ಸುಮಾರು 30 ಮೀಟರು ಬೇಕು. 20 ಕಿಲೋಮೀಟರು ವೇಗದಲ್ಲಿಯಾದರೆ ಹನ್ನೊಂದು ಮೀಟರಿನೊಳಗೆ ನಿಲ್ಲಬಹುದು. ಹದಿನೈದು ಮೀಟರು ಮುಂದಿನದು ಕಾಣದ ಕಾವಳದಲ್ಲಿ 40ರಲ್ಲಿ ಹೋಗುವವನು ಕಣ್ಣು ಮುಚ್ಚಿಕೊಂಡು ಹೋದಂತೆಯೇ. ಹೆಡ್‌ಲೈಟನ್ನು ಕೆಳಮುಖವಾಗಿಯೇ ಇಟ್ಟುಕೊಳ್ಳಬೇಕು. ಮೇಲ್ಮುಖ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಚಲಿಸುತ್ತಿರುವಾಗ ನಾಲ್ಕೂ ಸೂಚಕ ದೀಪಗಳನ್ನು ಮಿನುಗಿಸುವ ಹೊಸ ಹವ್ಯಾಸ ನನಗೆ ಹಿಡಿಸದು. ಅದು ಕೆಟ್ಟು ನಿಂತ ವಾಹನದ ಸಂಕೇತ. ಹಿಂದಿನವನಿಗೆ ನಾವು ನಿಂತಿದ್ದೇವೆಯೋ ಎಡಕ್ಕೆ ತಿರುಗುತ್ತೇವೆಯೋ ತಿಳಿಯದು. ಗಾಜಿನ ಒಳಗೆ ಹಬೆ ಕಟ್ಟಿದರೆ ಚಳಿಯೆಂದು ಹೆದರದೆ ಏಸಿಯನ್ನು ಗಾಜಿನ ಕಡೆಗೆ ಬಿಡಬೇಕು. ಅದು ಒಳಗಿನ ತೇವವನ್ನು ಹೀರಿಬಿಡುತ್ತದೆ.

ಬೈಕಿನ ಸವಾರರು ಬಿಳಿಯ ಪಟ್ಟೆಗಳನ್ನೂ ರಸ್ತೆಯಂಚಿನ ಪಾಚಿಯನ್ನೂ ತಪ್ಪಿಸಬೇಕು. ವೇಗವನ್ನು ತಿರುವಿಗೆ ಮೊದಲು, ಬೈಕು ನೆಟ್ಟಗಿರುವಾಗಲೇ, ಎರಡೂ ಬ್ರೇಕಿನಿಂದ ತಗ್ಗಿಸಿಕೊಳ್ಳಬೇಕು. 2019ರಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆಯೇನೋ ನಿಜ. ಅದು ಗಾಲಿ ಕಚ್ಚಿಕೊಳ್ಳದಂತೆ ಕಾಯುತ್ತದೆಯೇ ಹೊರತು ಸವೆದ ಟೈರಿಗೆ ಹಿಡಿತವನ್ನು ತಂದುಕೊಡಲಾರದು. ಜೋಲಾಡುವ ರೇನ್‌ಕೋಟು, ಹಿಂದೆ ಕುಳಿತವರ ಸೀರೆಯ ಸೆರಗು, ದುಪಟ್ಟ ಇವು ಚೈನಿಗೆ ಸಿಕ್ಕಿಕೊಂಡು ಆಗಿರುವ ಅನಾಹುತಗಳನ್ನು ವಿವರಿಸಲು ಮನಸ್ಸು ಬಾರದು; ಹೊರಡುವ ಮುನ್ನ ಒಮ್ಮೆ ಹಿಂದಿರುಗಿ ನೋಡಿದರೆ ಸಾಕು.

ಮನೆಯಲ್ಲಿ ನಿಂತ ವಾಹನಕ್ಕೂ ಮಳೆಗಾಲ ಒಂದು ಕಾಯಿಲೆಯೇ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಎಳೆದಿಟ್ಟರೆ ಒಳಗೆ ತುಕ್ಕು ಹಿಡಿದು ಗಾಲಿ ಕಚ್ಚಿಕೊಳ್ಳುತ್ತದೆ. ಸಮತಲದ ಜಾಗವಾದರೆ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡುವುದು ಲೇಸು. ಮೈಗೆ ಅಂಟುವಂತೆ ಟಾರ್ಪಾಲು ಹೊದಿಸುವುದಕ್ಕಿಂತ ನಾಲ್ಕು ಕಂಬದ ಮೇಲೆ ತಗಡಿನ ಮಾಡು ಉತ್ತಮ. ಗಾಳಿಯಾಡದ ಕಡೆ ಸೀಟಿಗೆಲ್ಲ ಬೂಷ್ಟು ಹತ್ತುತ್ತದೆ. ಬೈಕಿನ ಚೈನನ್ನು ಮಳೆಯಲ್ಲಿ ತಿರುಗಿ ಬಂದ ದಿನವೇ ಒರೆಸಿ ಎಣ್ಣೆ ಹಾಕಬೇಕು. ಬೆಚ್ಚಗಿರುವ ಜಾಗವನ್ನರಸಿ ಇಲಿ ಬಾನೆಟ್ಟಿನೊಳಗೆ ಸೇರಿ ತಂತಿ ಕಡಿಯುತ್ತದೆ. ಇಲಿಯ ಹಿಂದೆ ಅದರ ಬೇಟೆಗಾರನೂ ಬರುವುದುಂಟು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಊರಿನಲ್ಲಿ, ಬಹುದಿನ ನಿಂತ ಕಾರಿನ ಬಾನೆಟ್ಟನ್ನು ತೆರೆದು ನೋಡಿ ಹೊರಡುವುದು ಹೇಡಿತನವೇನಲ್ಲ.

ಘಟ್ಟದ ಮರ್ಯಾದೆಯ ವಿಷಯವಾಗಿ ಎರಡು ಮಾತು. ಇಕ್ಕಟ್ಟಾದ ಕಡೆ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಬರಿಯ ಸೌಜನ್ಯವಲ್ಲ, ಮೋಟಾರು ವಾಹನ ಚಾಲನೆಯ ನಿಯಮಗಳಲ್ಲಿಯೇ ಇದೆ. ಬಸ್ಸು ಹೇರ್‌ಪಿನ್ ತಿರುವಿನಲ್ಲಿ ರಸ್ತೆಯ ಪೂರ್ಣ ಅಗಲವನ್ನು ಬಳಸಿಕೊಳ್ಳುವುದು ಅನಿವಾರ್ಯ. ಅದು ಕಾಣಿಸಿದೊಡನೆ ತಿರುವಿಗೆ ಮೊದಲೇ ನಿಲ್ಲಬೇಕು. ಮೂತಿ ತೂರಿಸಿದವನು ಹಿಂದಕ್ಕೆ ಬರುವಷ್ಟರಲ್ಲಿ ಎರಡೂ ಕಡೆ ಸಾಲು ಬೆಳೆದಿರುತ್ತದೆ, ಆ ಸಾಲಿನ ಕೊನೆಯಲ್ಲಿ ಆಂಬ್ಯುಲೆನ್ಸು ಇರಲೂಬಹುದು. ತಿರುವಿನಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಾಳೆಹಣ್ಣು ಹಂಚುವ ಪುಣ್ಯಾತ್ಮರಿಗೆ ಏನು ಹೇಳೋಣ! ಇದು ಸೋಮೇಶ್ವರ ವನ್ಯಜೀವಿ ಧಾಮದ ಸೆರಗು. ಆ ಹಣ್ಣಿನ ಆಸೆಗೆ ರಸ್ತೆಗಿಳಿದ ಕೋತಿ ಮುಂದಿನ ಕಾರಿನ ಗಾಲಿಗೆ ಸಿಕ್ಕುತ್ತದೆ. ಏರಿನಲ್ಲಿ ಕೆಟ್ಟು ನಿಂತವರು ಗಾಲಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲಿಯೇ ಬಿಟ್ಟು ಹೋಗುವುದಂತೂ ಅಕ್ಷಮ್ಯ. ರಾತ್ರಿ ಅದು ಯಾವ ಬೈಕಿನವನಿಗೆ ಕಾದಿರುತ್ತದೆಯೋ!

ಸೋಮೇಶ್ವರ ತಲುಪಿದ ಮೇಲೆ ಚಹಾ ಕುಡಿಯುವ ಮುನ್ನ ಒಂದು ಸುತ್ತು ಹಾಕಿ ಪ್ರತಿಯೊಂದು ಗಾಲಿಯ ಬಳಿ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಕಾವು ತಾಗುವಷ್ಟು ದೂರದಲ್ಲಿರಲಿ. ಮುಂದಿನ ಎರಡೂ ಒಂದೇ ಸಮನಾಗಿ, ಹಿಂದಿನ ಎರಡೂ ಒಂದೇ ಸಮನಾಗಿ ಬಿಸಿಯಾಗಿದ್ದರೆ ಚಿಂತೆಯಿಲ್ಲ. ಜೋಡಿಯಲ್ಲಿ ಒಂದು ಮಾತ್ರ ಅತಿಯಾಗಿ ಕಾದಿದ್ದರೆ ಅದರ ಬ್ರೇಕು ಬಿಡದೆ ಕಚ್ಚಿಕೊಂಡಿದೆ ಎಂದು ಅರ್ಥ. ತಣ್ಣಗೇ ಇದ್ದರೆ ಅದು ಕೆಲಸವನ್ನೇ ಮಾಡಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅದು ಆರಿದ ಮೇಲೆ ನಿಧಾನವಾಗಿ ಹೆಬ್ರಿಯವರೆಗೆ ಹೋಗಿ ಮೆಕ್ಯಾನಿಕ್ಕಿಗೆ ತೋರಿಸಿಯೇ ಉಡುಪಿಯ ದಾರಿ ಹಿಡಿಯಿರಿ. ಸಂಜೆ ಅದೇ ಘಟ್ಟವನ್ನು ಹತ್ತಿ ಹಿಂದಿರುಗಬೇಕಾಗಿದೆಯಲ್ಲವೆ?