ಇಂಟೆಲೋ, ಎಎಂಡಿಯೋ?

ಮಗಳ ಓದಿಗೆಂದು ಕೂಡಿಟ್ಟ ಹಣದಿಂದ ಕಂಪ್ಯೂಟರ್ ಕೊಳ್ಳಹೊರಟ ಗೃಹಸ್ಥನಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ: “ಇಂಟೆಲೋ, ಎಎಂಡಿಯೋ?” ಯಂತ್ರದ ಲೆಕ್ಕವನ್ನೆಲ್ಲ ನಡೆಸುವ ಪ್ರೊಸೆಸರನ್ನು ತಯಾರಿಸುವ ಈ ಎರಡು ಅಮೆರಿಕನ್ ಸಂಸ್ಥೆಗಳು ದಾಯಾದಿಗಳೆಂದರೂ ಸಲ್ಲುವುದು. ಫೇರ್‌ಚೈಲ್ಡ್ ಕಂಪನಿಯನ್ನು ಬಿಟ್ಟುಬಂದವರೇ 1968ರಲ್ಲಿ ಇಂಟೆಲನ್ನೂ 1969ರಲ್ಲಿ ಎಎಂಡಿಯನ್ನೂ ಸ್ಥಾಪಿಸಿದರು. 1982ರ ಒಪ್ಪಂದದಂತೆ ಎಎಂಡಿಯು ಇಂಟೆಲ್ ವಿನ್ಯಾಸದ ಪ್ರೊಸೆಸರುಗಳನ್ನೇ ತಯಾರಿಸಿತು. 2003ರಲ್ಲಿ ಎಎಂಡಿ ತಂದ 64 ಬಿಟ್ ಪದ್ಧತಿಯನ್ನು ಮರುವರ್ಷ ಇಂಟೆಲ್ ಅಂಗೀಕರಿಸಿತು. ಆದುದರಿಂದಲೇ ಒಂದರಲ್ಲಿ ನಡೆಯುವ ವಿಂಡೋಸ್ ಇನ್ನೊಂದರಲ್ಲೂ ನಡೆಯುತ್ತದೆ.

ಹಾಗಾದರೆ ಆರಿಸುವ ಬಗೆ ಹೇಗೆ? ಗಿಗಾಹರ್ಟ್ಸ್ ಅಂಕಿಗೆ ಮರುಳಾಗಬಾರದು. 2001ರಲ್ಲಿ ಎಎಂಡಿಯ 1.53 ಗಿಗಾಹರ್ಟ್ಸ್ ಅಥ್ಲಾನ್ ಎಕ್ಸ್‌ಪಿ, ಹೆಚ್ಚಿನ ಅಂಕಿಯ ಪೆಂಟಿಯಮ್ 4ನ್ನು ಹಲವು ಕೆಲಸಗಳಲ್ಲಿ ಸರಿಗಟ್ಟಿತು. ಒಂದೊಂದು ಮಿಡಿತಕ್ಕೂ ಅದು ಮಾಡುತ್ತಿದ್ದ ಕೆಲಸವೇ ಹೆಚ್ಚು. ಬರಹ, ಪಾಠ, ಲೆಕ್ಕಪತ್ರಗಳಿಗೆ ಇಬ್ಬರಲ್ಲಿ ಯಾರ ಮಧ್ಯಮ ದರ್ಜೆಯ ಪ್ರೊಸೆಸರಾದರೂ ಸಾಕು. ಅದರಿಂದ ಉಳಿದ ಹಣ ರ್‍ಯಾಮ್‌ಗೂ ಎಸ್‌ಎಸ್‌ಡಿಗೂ ಸಂದರೆ ಫಲ ಕಣ್ಣಿಗೇ ಕಾಣುವುದು. ಬಿಡಿಭಾಗಗಳನ್ನು ಕೊಂಡು ಜೋಡಿಸುವವರಿಗೆ ಮಾತ್ರ ಒಂದು ಎಚ್ಚರ ಅವಶ್ಯ: ಒಬ್ಬರ ಪ್ರೊಸೆಸರಿಗೆಂದು ಮಾಡಿದ ಮದರ್‌ಬೋರ್ಡಿನಲ್ಲಿ ಇನ್ನೊಬ್ಬರದು ಕೂಡುವುದಿಲ್ಲ.

ಎತ್ತು ಕೊಳ್ಳುವ ರೈತ ಕೊಂಬಿಗೆ ಬಳಿದ ಬಣ್ಣಕ್ಕೆ ಬೆಲೆ ಕಟ್ಟುವುದಿಲ್ಲ. ಹೆಗಲನ್ನು ನೋಡುತ್ತಾನೆ, ತನ್ನ ಹೊಲವನ್ನು ನೆನೆಯುತ್ತಾನೆ.