ಬಾಡಿಗೆ ಕಾರೂ ಹೆಚ್ಚುವರಿ ರಕ್ಷಣೆಯೂ

ಒಬ್ಬನೇ ತಾಳಲಾರದ ನಷ್ಟವನ್ನು ಹಲವರು ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳುವ ಏರ್ಪಾಡಿಗೆ ವಿಮೆ ಎಂದು ಹೆಸರು. ಈ ತತ್ತ್ವವನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದವರು ಅನೇಕರು. ನಿತ್ಯಜೀವನದಲ್ಲಿ ಒರೆಗೆ ಹಚ್ಚಿ ನೋಡಿದವರು ಕೆಲವರು. ಗೆಳೆಯರು ನಾಲ್ವರು ಕೂಡಿ, ಬಾಡಿಗೆ ಕಾರನ್ನು ತಾವೇ ನಡೆಸಿಕೊಂಡು ಚಿಕ್ಕಮಗಳೂರು, ಆಗುಂಬೆಗಳ ಕಡೆಗೆ ಹೊರಡುವುದು ಈಗ ಸಾಮಾನ್ಯವಾಗಿದೆ. ಹಣ ಕಟ್ಟುವ ಹೊತ್ತಿಗೆ, ಇನ್ನಷ್ಟು ಕೊಟ್ಟು ಹೆಚ್ಚುವರಿ ರಕ್ಷಣೆ ಪಡೆಯುವಿರಾ ಎಂಬ ಪ್ರಶ್ನೆ ಬರುತ್ತದೆ. ಹಾಗೆ ಹೊರಡುವ ಮುನ್ನ ನಾನು ಮಾಡಿದ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದಾಗಿ, ನಮಗೆ ಇದ್ದೇ ಇರುವ ರಕ್ಷಣೆ ಯಾವುದು? 1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಪ್ರಕರಣದ ಮೇರೆಗೆ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸದೆ ಬಾಡಿಗೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ದಾರಿಹೋಕನಿಗೆ ಪೆಟ್ಟಾದರೆ ಪರಿಹಾರ ದೊರೆಯುವುದು ಇದರಿಂದ. ಆ ಮೊತ್ತ ಹಲವು ಲಕ್ಷಗಳಾಗಬಹುದು. ಆದರೆ ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಓಡಿಸುವುದು ಆ ವಿಮೆಯ ಷರತ್ತಿಗೆ ವಿರುದ್ಧ. ಆದುದರಿಂದ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ, ಬಾಡಿಗೆಗೆಂದೇ ನೋಂದಾಯಿಸಿದ ಕಾರನ್ನೇ ಹಿಡಿಯುವುದು ಕ್ಷೇಮ.

ಇನ್ನು ಹೆಚ್ಚುವರಿ ರಕ್ಷಣೆ. ಇದು ಮುಖ್ಯವಾಗಿ ಕಾರಿಗೇ ಆಗುವ ಜಖಮಿಗೆ ಸಂಬಂಧಿಸಿದ್ದು. ಎಷ್ಟೋ ವೇಳೆ ಇದು ವಿಮೆಯೇ ಅಲ್ಲ. ಇಂತಿಷ್ಟಕ್ಕಿಂತ ಹೆಚ್ಚು ನಿಮ್ಮಿಂದ ವಸೂಲು ಮಾಡೆವು ಎಂದು ಬಾಡಿಗೆ ಕೊಡುವವರು ಬರೆದುಕೊಡುವ ಮಾತು. ಉದಾಹರಣೆಗೆ, ಜಖಮಾದರೆ ನಾವು ಕೊಡಬೇಕಾದುದು ಹೆಚ್ಚೆಂದರೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. 400 ರೂಪಾಯಿ ಹೆಚ್ಚು ಕೊಟ್ಟರೆ ಅದು 2,000ಕ್ಕೆ ಇಳಿಯುತ್ತದೆ. ಅಂದರೆ 400 ರೂಪಾಯಿಗೆ ನಾವು ಕೊಳ್ಳುವುದು 8,000 ರೂಪಾಯಿಗಳ ರಕ್ಷಣೆ. ಇಪ್ಪತ್ತು ಪ್ರಯಾಣಗಳಲ್ಲಿ ಒಮ್ಮೆ ಅಷ್ಟು ದೊಡ್ಡ ಜಖಮಾದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ವಿರಳವಾದರೆ ಲಾಭ ಅವರದು.

ಹಾಗೆಂದು ಬೇಡವೆನ್ನುವುದೇ ಜಾಣತನವಲ್ಲ. ಸಂಬಳದಾರನಿಗೆ ಸಹ್ಯವಾದ 8,000 ರೂಪಾಯಿ, ಹಾಸ್ಟೆಲಿನ ಹುಡುಗನಿಗೆ ತಿಂಗಳುಗಟ್ಟಲೆಯ ಊಟದ ಹಣ. ಸಂಭವ ಎಷ್ಟೆಂಬುದರ ಜೊತೆಗೆ, ಬಂದರೆ ತಾಳಬಲ್ಲೆವೇ ಎಂಬುದನ್ನೂ ಕೇಳಿಕೊಳ್ಳಬೇಕು. ಅದಕ್ಕೂ ಮುನ್ನ ಷರತ್ತುಗಳನ್ನು ಓದಬೇಕು. ಟೈರು, ಗಾಜು, ಕಾರಿನ ತಳಭಾಗ, ಕಳೆದ ಕೀಲಿಕೈ ಇವುಗಳನ್ನು ಅನೇಕ ಕರಾರುಗಳು ಹೊರಗಿಡುತ್ತವೆ. ಮಲೆನಾಡಿನ ಕಲ್ಲುದಾರಿಯಲ್ಲಿ ಮೊದಲು ಏಟು ತಿನ್ನುವುದು ಟೈರು ಮತ್ತು ತಳಭಾಗಗಳೇ! ಅವು ಸೇರಿಲ್ಲದಿದ್ದರೆ ಆ 400 ರೂಪಾಯಿಯ ಬೆಲೆ ಬಹಳ ಕುಗ್ಗಿತು.

ನಮ್ಮನ್ನು ನಿಜವಾಗಿ ಮುಳುಗಿಸಬಲ್ಲ ನಷ್ಟ ಬೇರೆಯದು. ಲೈಸೆನ್ಸಿಲ್ಲದ ಗೆಳೆಯನ ಕೈಗೆ ಕಾರು ಕೊಟ್ಟು ಅಪಘಾತವಾದರೆ, ವಿಮಾ ಸಂಸ್ಥೆ ಗಾಯಾಳುವಿಗೆ ಹಣ ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆಜ್ಞೆ ಮಾಡುವುದುಂಟು. ಮಾಲೀಕನು ಕರಾರು ಹಿಡಿದು ನಮ್ಮ ಬಳಿಗೆ ಬರದೆ ಬಿಡುವನೆ? ಕುಡಿದು ನಡೆಸಿದರಂತೂ ಕಾರಿನ ಜಖಮಿಗೆ ವಿಮೆಯೂ ಇಲ್ಲ, ಹೆಚ್ಚುವರಿ ರಕ್ಷಣೆಯೂ ಇಲ್ಲ. ಈ ಅಪಾಯಕ್ಕೆ 400 ರೂಪಾಯಿಯಲ್ಲಿ ಮದ್ದಿಲ್ಲ. ನಮ್ಮ ನಡತೆಯೇ ಮದ್ದು.

ಕೊನೆಯದಾಗಿ ಒಂದು ಮಾತು. ನಾಲ್ವರು ಹೋದರೂ ಕರಾರಿನಲ್ಲಿ ಹೆಸರು ಒಬ್ಬನದು, ಠೇವಣಿಯೂ ಅವನದೇ. ನಕ್ಕು ನಲಿಯಲು ನಾಲ್ವರು, ದಂಡ ತೆರಲು ಒಬ್ಬ ಎಂದಾಗಬಾರದು. ಜಖಮಾದರೆ ಸಮನಾಗಿ ಕೊಡುವೆವೆಂದು ಹೊರಡುವ ಮೊದಲೇ ಒಪ್ಪಿದರೆ, 8,000 ರೂಪಾಯಿ ತಲೆಗೆ 2,000 ಆಗುತ್ತದೆ. ಕಾರು ತೆಗೆದುಕೊಳ್ಳುವಾಗ ಹಳೆಯ ಗೀರುಗಳ ಚಿತ್ರ ತೆಗೆದಿಟ್ಟರೆ ವಾದಕ್ಕೂ ಎಡೆಯಿಲ್ಲ. ಇಷ್ಟಾದ ಮೇಲೆ ಹೆಚ್ಚುವರಿ ರಕ್ಷಣೆಯನ್ನು ಕೊಳ್ಳಲಿ, ಬಿಡಲಿ, ಅದು ಅವರವರ ಜೇಬಿಗೆ ಸೇರಿದ ವಿಷಯ. ನಷ್ಟವನ್ನು ಹಂಚಿಕೊಳ್ಳುವುದೇ ವಿಮೆಯಾದರೆ, ಮಾತಿಗೆ ತಪ್ಪದ ಗೆಳೆಯರು ಕಂತು ಕಟ್ಟದೆ ದೊರೆತ ವಿಮೆ.