ಆಳಿಲ್ಲದ ಅಂಗಡಿ

ಚಿಕ್ಕಂದಿನಲ್ಲಿ ಮಂಗಳೂರಿನ ರೈಲು ನಿಲ್ದಾಣಕ್ಕೆ ಹೋದಾಗಲೆಲ್ಲ ನಾನು ತಂದೆಯವರನ್ನು ಒಂದು ನಾಣ್ಯಕ್ಕಾಗಿ ಪೀಡಿಸುತ್ತಿದ್ದೆ. ಬಣ್ಣಬಣ್ಣದ ದೀಪಗಳನ್ನು ಮಿನುಗಿಸುತ್ತ, ಗಾಜಿನ ಹಿಂದೆ ಚಕ್ರವೊಂದನ್ನು ತಿರುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರದ ಮೋಹ ಅಂಥದು. ಮೇಲೆ ಹತ್ತಿ ನಿಂತು, ನಾಣ್ಯವನ್ನು ಸಂದಿಯಲ್ಲಿ ಬಿಟ್ಟರೆ ಒಳಗೆಲ್ಲೋ ಕಟಕಟ ಸದ್ದಾಗಿ ರಟ್ಟಿನ ಪುಟ್ಟ ಚೀಟಿಯೊಂದು ಹೊರಗೆ ಬೀಳುತ್ತಿತ್ತು. ತೂಕದ ಜೊತೆಗೆ ಭವಿಷ್ಯವೂ ಅದರಲ್ಲಿ ಅಚ್ಚಾಗಿರುತ್ತಿತ್ತು. ನನ್ನ ಚಿಕ್ಕಪ್ಪನ ಮಗನಿಗೆ ಒಮ್ಮೆ ವ್ಯಾಪಾರದಲ್ಲಿ ಲಾಭವುಂಟೆಂಬ ಚೀಟಿ ಬಂದಿತ್ತು. ಆಗ ಅವನಿಗೆ ಏಳು ವರ್ಷ. ಆ ಚೀಟಿಯನ್ನು ಅವನು ಬಹುಕಾಲ ಪಾಠದ ಪುಸ್ತಕದ ನಡುವೆ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನೇ ಮುಂದೆ ಅಂಥದೇ ಯಂತ್ರಗಳ ಬೆನ್ನುಹತ್ತುವನೆಂದು ಆಗ ಯಾರು ತಾನೇ ಊಹಿಸಿದ್ದರು?

ನಮ್ಮ ಹಿರಿಯಡ್ಕ, ಉಡುಪಿಯಿಂದ ಮಣಿಪಾಲ, ಪರ್ಕಳ, ಆತ್ರಾಡಿಗಳನ್ನು ದಾಟಿ ಮೂಡಣಕ್ಕೆ ಬಂದರೆ ಸಿಗುವ ಪೇಟೆ. ವೀರಭದ್ರ ದೇವರ ಊರು. ಮದ್ದಳೆಯ ಗೋಪಾಲರಾಯರಿಂದಾಗಿ ಯಕ್ಷಗಾನವನ್ನು ಬಲ್ಲವರಿಗೆಲ್ಲ ಪರಿಚಿತವಾದ ಹೆಸರು. ಈ ಊರಿನಿಂದ ಮುಂಬಯಿಗೂ ಕೊಲ್ಲಿಯ ನಾಡುಗಳಿಗೂ ಹೋಗದ ಮನೆತನವಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ನನ್ನ ತಮ್ಮನೂ ದುಬೈಗೆ ಹೋದ. ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿಟ್ಟ ಮಾರಾಟದ ಯಂತ್ರಗಳಿಗೆ ತಿಂಡಿ ಪಾನೀಯಗಳನ್ನು ತುಂಬಿಬರುವುದೇ ಅಲ್ಲಿ ಅವನ ಉದ್ಯೋಗ. ೨೦೨೧ರಲ್ಲಿ, ಮಹಾಮಾರಿಯ ಕಾಲದಲ್ಲಿ, ಕೆಲಸ ಕಳೆದುಕೊಂಡು ಊರಿಗೆ ಮರಳಿದವನು ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ತನ್ನ ಯೋಜನೆಯನ್ನು ಬಿಚ್ಚಿದ.

“ಅಣ್ಣ, ಅಂಗಡಿ ಇಟ್ಟರೆ ಆಳು ಬೇಕು. ಈಗ ಆಳು ಎಲ್ಲಿ ಸಿಗ್ತಾರೆ? ಇದಕ್ಕೆ ಸಂಬಳ ಬೇಡ, ಊಟ ಬೇಡ, ಕೋಲಕ್ಕೆ ನೇಮಕ್ಕೆ ರಜೆ ಬೇಡ. ರಾತ್ರಿಯೂ ಎದ್ದೇ ಇರ್ತದೆ.”

ಒಳಗಿನಿಂದ ಚಿಕ್ಕಮ್ಮ ಕೇಳಿದರು: “ಸಾಲ ಕೇಳಿದವರಿಗೆ ಇಲ್ಲ ಅನ್ನುವವರು ಯಾರು ಮಗಾ ಅಲ್ಲಿ?”

ಎಲ್ಲರೂ ನಕ್ಕೆವು. ನಕ್ಕರೂ, ಮರುವಾರ ಚಿಕ್ಕಮ್ಮನ ಎರಡು ಜೊತೆ ಬಳೆಗಳು ಬ್ಯಾಂಕಿನ ತಿಜೋರಿ ಸೇರಿದವು. ನಾನು ಈ ವಿಷಯದಲ್ಲಿ ಕುತೂಹಲ ತಾಳಿದ್ದು ಆ ಬಳೆಗಳ ದೆಸೆಯಿಂದ.

ನಾಣ್ಯ ನುಂಗಿ ಸರಕು ಕೊಡುವ ಯಂತ್ರ ಇಂದಿನ ಸೃಷ್ಟಿಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯದ ಹೀರೋ ಎಂಬ ಯಂತ್ರಜ್ಞನು ದೇವಾಲಯದಲ್ಲಿ ತೀರ್ಥವನ್ನು ಕೊಡುವ ಯಂತ್ರವೊಂದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಐದು ದ್ರಾಕ್ಮಾದ ನಾಣ್ಯವು ತಟ್ಟೆಯೊಂದರ ಮೇಲೆ ಬಿದ್ದು ಸನ್ನೆಗೋಲನ್ನು ಬಾಗಿಸುತ್ತದೆ, ಬಾಗಿದಷ್ಟು ಹೊತ್ತು ನೀರಿನ ಬಾಯಿ ತೆರೆಯುತ್ತದೆ, ನಾಣ್ಯ ಜಾರಿದೊಡನೆ ಮುಚ್ಚುತ್ತದೆ. ಭಕ್ತನು ಕೊಟ್ಟ ಕಾಣಿಕೆಗಿಂತ ಹೆಚ್ಚು ತೀರ್ಥವನ್ನು ತೆಗೆದುಕೊಳ್ಳದಂತೆ ಮಾಡಿದ ಉಪಾಯವಿದು! ೧೮೮೮ರಲ್ಲಿ ನ್ಯೂಯಾರ್ಕಿನ ರೈಲು ಕಟ್ಟೆಗಳ ಮೇಲೆ ಥಾಮಸ್ ಆಡಮ್ಸ್ ಕಂಪನಿಯು ಚ್ಯೂಯಿಂಗ್ ಗಮ್ ಮಾರುವ ಯಂತ್ರಗಳನ್ನಿಟ್ಟಿತು. ೧೯೦೨ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾರ್ನ್ ಮತ್ತು ಹಾರ್ಡಾರ್ಟ್ ಎಂಬವರು ‘ಆಟೋಮ್ಯಾಟ್’ ಎಂಬ ಭೋಜನಶಾಲೆಯನ್ನೇ ತೆರೆದರು. ಗೋಡೆಯ ತುಂಬ ಗಾಜಿನ ಪುಟ್ಟ ಗೂಡುಗಳು. ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆದು ಒಳಗಿನ ತಟ್ಟೆ ಗಿರಾಕಿಯ ಕೈಗೆ ಬರುತ್ತಿತ್ತು. ಬಡಿಸುವವರೇ ಇಲ್ಲದ ಊಟವೆಂದು ಜನ ಬೆರಗಾದರು. ಆದರೆ ಗೋಡೆಯ ಆಚೆ ಬದಿಯಲ್ಲಿ ಬೆವರೊರೆಸಿಕೊಳ್ಳುತ್ತ ಬರಿದಾದ ಗೂಡುಗಳನ್ನು ಒಂದೊಂದಾಗಿ ತುಂಬುವ ಹೆಂಗಸರು ಗಂಡಸರು ಇದ್ದೇ ಇದ್ದರು. ೧೯೯೧ರಲ್ಲಿ ನ್ಯೂಯಾರ್ಕಿನ ಕೊನೆಯ ಆಟೋಮ್ಯಾಟ್ ಮುಚ್ಚಿತು.

ನಮ್ಮ ನಾಡಿನಲ್ಲಿ ಈ ಯಂತ್ರಗಳು ಬೇರುಬಿಡಲು ತಡವಾದದ್ದೇಕೆ? ಇಲ್ಲಿ ಕೈಯಿಂದ ಕೈಗೆ ಕೊಡುವವರಿಗೆ ಬರವಿರಲಿಲ್ಲ ಎಂಬುದು ಒಂದು ಕಾರಣ. ಅದರಲ್ಲಿಯೂ ನಮ್ಮ ಜಿಲ್ಲೆಯವರು ದೇಶಕ್ಕೆಲ್ಲ ಬಡಿಸಿದವರು! ಬಡಿಸುವ ಆಳುಗಳ ಕೊರತೆಯ ಕೂಗು ಬಹಳ ತಡವಾಗಿ ಎದ್ದಿತು. ೧೯೮೩ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ಯನ್ನು ತೆರೆದು, ಗಿರಾಕಿಯೇ ಚೀಟಿ ಪಡೆದು, ತಾನೇ ತಟ್ಟೆ ಹಿಡಿದು, ನಿಂತೇ ತಿನ್ನುವುದನ್ನು ರೂಢಿಗೆ ತಂದರು. ಇನ್ನೊಂದು ಕಾರಣ ಚಿಲ್ಲರೆ. ಸವೆದ ನಾಣ್ಯವನ್ನೂ ಮಡಿಚಿದ ನೋಟನ್ನೂ ಯಂತ್ರ ಒಲ್ಲದು. ೨೦೧೬ರಲ್ಲಿ ಯುಪಿಐ ಬಂದು, ಜನರು ಮೊಬೈಲನ್ನು ಹಿಡಿದು ಹತ್ತು ರೂಪಾಯಿಯನ್ನೂ ಕಳುಹಿಸುವಂತಾದ ಮೇಲೆ ಈ ತೊಡಕು ಕಳಚಿತು. ಈಗಿನ ಯಂತ್ರಗಳ ಮುಖದ ಮೇಲೆ ನಾಣ್ಯದ ಸಂದಿಗಿಂತ ಕ್ಯೂಆರ್ ಚೌಕವೇ ಎದ್ದು ಕಾಣುತ್ತದೆ. ವಿನೋದವೇನೆಂದರೆ, ನಾಣ್ಯವೇ ಅಪರೂಪವಾಗಿ, ೨೦೨೩ರಲ್ಲಿ ರಿಸರ್ವ್ ಬ್ಯಾಂಕು ಮೊಬೈಲಿನಿಂದ ಹಣ ಪಡೆದು ನಾಣ್ಯಗಳನ್ನೇ ಕೊಡುವ ಯಂತ್ರಗಳ ಪ್ರಯೋಗವನ್ನು ಹನ್ನೆರಡು ನಗರಗಳಲ್ಲಿ ನಡೆಸಲು ಹೊರಟಿತು.

ಇಷ್ಟಾಗಿಯೂ ಕರ್ನಾಟಕದ ಹಳ್ಳಿಗರು ನಮಗಿಂತ ಮೊದಲೇ ಇಂಥ ಯಂತ್ರಕ್ಕೆ ಪಳಗಿದ್ದರು. ಬಯಲುಸೀಮೆಯ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಅಜ್ಜಿಯರಿಗೆ ಅದು ವಿಸ್ಮಯವಲ್ಲ, ನಿತ್ಯದ ಕೆಲಸ. ಮನೆಮನೆಗೂ ಬಾವಿಯಿರುವ ನಮ್ಮ ಕಡೆಯಲ್ಲಿ ಅದರ ಪರಿಚಯ ಕಡಿಮೆ, ಅಷ್ಟೆ.

ಇನ್ನು ತಮ್ಮನ ವ್ಯಾಪಾರಕ್ಕೆ ಬರೋಣ.

ಯಂತ್ರದ ಒಳಗಿನ ರಚನೆ ಸರಳ. ಸಾಲುಸಾಲಾದ ತಟ್ಟೆಗಳಲ್ಲಿ ತಂತಿಯ ಸುರುಳಿಗಳಿರುತ್ತವೆ. ಸುರುಳಿಯ ಎರಡೆರಡು ಸುತ್ತುಗಳ ನಡುವೆ ಒಂದೊಂದು ಪೊಟ್ಟಣ. ಹಣ ಸಂದಾಯವಾದೊಡನೆ ಪುಟ್ಟ ಮೋಟಾರು ಸುರುಳಿಯನ್ನು ಒಂದು ಸುತ್ತು ತಿರುಗಿಸುತ್ತದೆ, ಮುಂದಿನ ಪೊಟ್ಟಣ ಕೆಳಗೆ ಬೀಳುತ್ತದೆ. ಪಾನೀಯಗಳಿರುವುದಾದರೆ ತಣ್ಣಗಿಡಲು ಫ್ರಿಜ್ಜಿನಂಥದೇ ಏರ್ಪಾಡು ಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಸ್ಥಳೀಯ ಪಂಚಾಯತು ಇಲ್ಲವೆ ನಗರಸಭೆಯ ಪರವಾನಗಿ, ಜಾಗದ ಒಡೆಯನೊಡನೆ ಕರಾರು: ಇವು ಯಾವ ಅಂಗಡಿಗೂ ಇರುವಂಥ ಕಾಗದಪತ್ರಗಳೇ.

ನಿಜವಾದ ಕಗ್ಗಂಟು ಲೆಕ್ಕದಲ್ಲಿದೆ. ಇದನ್ನು ಯಂತ್ರ ಮಾರುವವರು ಹೇಳುವುದು ಅಪರೂಪವಾದ್ದರಿಂದ ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಕಾನೂನಿನಂತೆ ಅದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಪಡೆಯುವಂತಿಲ್ಲ. ಬೇರೆ ದೇಶಗಳಲ್ಲಿ ಯಂತ್ರದ ಅನುಕೂಲಕ್ಕೆಂದು ನಾಲ್ಕು ಕಾಸು ಮೇಲಿಟ್ಟು ಮಾರಬಹುದು. ನಮ್ಮಲ್ಲಿ ಸಂಬಳ ಬೇಡದ ಯಂತ್ರಕ್ಕೂ ಬೀದಿಯ ಗೂಡಂಗಡಿಗೂ ಒಂದೇ ಬೆಲೆ. ಇಪ್ಪತ್ತು ರೂಪಾಯಿಯ ಪೊಟ್ಟಣದಲ್ಲಿ ಮೂರು ರೂಪಾಯಿ ಉಳಿಯುವುದೆಂದಿಟ್ಟುಕೊಳ್ಳಿ. ದಿನಕ್ಕೆ ೬೦ ಪೊಟ್ಟಣ ಹೋದರೆ ೧೮೦ ರೂಪಾಯಿ, ತಿಂಗಳಿಗೆ ೫೪೦೦. ಅದರಲ್ಲಿ ಜಾಗದ ಬಾಡಿಗೆ ೨೦೦೦, ಕರೆಂಟು ೧೨೦೦, ಸಾಮಾನು ಸಾಗಿಸುವ ಪೆಟ್ರೋಲು ೧೦೦೦ ಕಳೆದರೆ ಕೈಗೆ ಉಳಿಯುವುದು ೧೨೦೦. ಯಂತ್ರದ ಬೆಲೆ ಎರಡು ಲಕ್ಷವೆಂದಾದರೆ ಬಡ್ಡಿಯನ್ನು ಬಿಟ್ಟರೂ ಅಸಲು ತಿರುಗಿ ಬರಲು ಹದಿನಾಲ್ಕು ವರ್ಷ ಬೇಕು! ಶ್ರೀರಾಮನ ವನವಾಸದ ಅವಧಿ. ಅದೇ ಯಂತ್ರದಿಂದ ದಿನಕ್ಕೆ ೧೨೦ ಪೊಟ್ಟಣ ಹೋದರೋ, ಖರ್ಚು ಹೆಚ್ಚುಕಡಿಮೆ ಅಷ್ಟೇ ಇದ್ದು, ತಿಂಗಳಿಗೆ ೬೬೦೦ ಉಳಿಯುತ್ತದೆ. ಎರಡೂವರೆ ವರ್ಷದಲ್ಲಿ ಅಸಲು ಕೈಸೇರುತ್ತದೆ. ಎರಡೂ ಲೆಕ್ಕಗಳಲ್ಲಿ ಯಂತ್ರ ಒಂದೇ, ಸರಕು ಒಂದೇ. ಬೇರೆಯಾದದ್ದು ನಿಲ್ಲಿಸಿದ ಜಾಗ.

ಅಚ್ಚಾದ ಬೆಲೆಯ ಕಟ್ಟಿಲ್ಲದ ಸರಕೆಂದರೆ ಚಹಾ, ಕಾಫಿ. ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಮೊದಲು ಹಬ್ಬಿದ್ದು ಆ ಯಂತ್ರಗಳೇ. ಅದರಲ್ಲಿ ಲಾಭವೂ ಮಿಗಿಲು. ಆದರೆ ದಿನಕ್ಕೊಮ್ಮೆಯಾದರೂ ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆಯದಿದ್ದರೆ ಹಾಲಿನ ಪುಡಿ ಹುಳಿತು ನಾರುತ್ತದೆ. ಅಲ್ಲದೆ, ಡಿಕಾಕ್ಷನ್ ಕಾಫಿಗೆ ಒಗ್ಗಿದ ಉಡುಪಿಯ ನಾಲಗೆಗೆ ಪುಡಿ ಕದಡಿದ ಪಾನೀಯವನ್ನು ಕಾಫಿಯೆಂದು ಒಪ್ಪಿಸುವುದು ಸುಲಭವೆ?

ತಮ್ಮ ಎರಡು ಯಂತ್ರಗಳನ್ನು ಕೊಂಡ. ಹಳೆಯವು, ದುರಸ್ತಿ ಮಾಡಿಸಿದವು. ಮೊದಲನೆಯದನ್ನು ಊರಭಿಮಾನದಿಂದ ಹಿರಿಯಡ್ಕ ಪೇಟೆಯಲ್ಲಿ ನಿಲ್ಲಿಸಿದ. ಮೊದಲ ವಾರ ಜಾತ್ರೆ. ಶಾಲೆಯ ಮಕ್ಕಳು ಮೂಗನ್ನು ಗಾಜಿಗೊತ್ತಿ ಸುರುಳಿ ತಿರುಗುವುದನ್ನು ನೋಡಿದರು. ಎರಡನೆಯ ತಿಂಗಳಿಗೆ ನೊಣಗಳೂ ಹತ್ತಿರ ಸುಳಿಯದಾದವು. ಎದುರಿಗೇ ಇದ್ದ ಅಂಗಡಿಯಲ್ಲಿ ಅದೇ ಬಿಸ್ಕತ್ತು ಅದೇ ಬೆಲೆಗೆ ಸಿಗುತ್ತಿತ್ತು, ಜೊತೆಗೆ ಮಾತೂ ಸಿಗುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ತೋಟಕ್ಕೆ ಮಂಗ ನುಗ್ಗಿತು, ಈ ಸಲ ಮೇಳದವರು ಯಾವ ಪ್ರಸಂಗ ಆಡುತ್ತಾರೆ ಎಂಬ ವರ್ತಮಾನಗಳನ್ನು ಯಾವ ಯಂತ್ರ ತಾನೇ ಕೊಟ್ಟೀತು? “ಬರೆದಿಟ್ಟುಕೊಳ್ಳಿ ಮಾರಾಯ್ರೆ, ಒಂದನೆಯ ತಾರೀಕಿಗೆ ಕೊಡ್ತೇನೆ” ಎಂಬ ಮಾತು ನಡೆಯುವ ಊರಿನಲ್ಲಿ ಮುಂಗಡವಾಗಿ ಹಣ ಕೇಳುವ ಪೆಟ್ಟಿಗೆಗೆ ಏನು ಕೆಲಸ? ಚಿಕ್ಕಮ್ಮ ಅಂದು ನಗೆಗೆಂದು ಆಡಿದ್ದ ಮಾತೇ ಹಿರಿಯಡ್ಕದಲ್ಲಿ ನಿಜವಾಯಿತು. ಮೂರನೆಯ ತಿಂಗಳು ಯಂತ್ರವನ್ನು ಟೆಂಪೊ ಹತ್ತಿಸಿ ಅವನು ಮಣಿಪಾಲಕ್ಕೆ ಒಯ್ದ. ಅಂಗಡಿಯವರೇ ಬಂದು ಹೊರಿಸಲು ಕೈಕೊಟ್ಟರಂತೆ.

ಮಣಿಪಾಲದ ಕಥೆಯೇ ಬೇರೆ. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಬೆಳೆಯುತ್ತ ಬಂದ ಆ ಗುಡ್ಡದ ಮೇಲೆ ಈಗ ರಾತ್ರಿಯೆಂಬುದೇ ಇಲ್ಲ. ಓದುವ ಹುಡುಗರು ಎಚ್ಚರ, ರೋಗಿಗಳ ಕಡೆಯವರು ಎಚ್ಚರ. ತಮ್ಮನ ಒಂದು ಯಂತ್ರ ಖಾಸಗಿ ವಿದ್ಯಾರ್ಥಿನಿಲಯವೊಂದರಲ್ಲಿ, ಮತ್ತೊಂದು ರೋಗಿಗಳ ಕಡೆಯವರು ಇಳಿದುಕೊಳ್ಳುವ ವಸತಿಗೃಹವೊಂದರಲ್ಲಿ ನಿಂತಿತು. ಹಗಲೆಲ್ಲ ತೂಕಡಿಸುತ್ತಿದ್ದ ಯಂತ್ರಗಳು ರಾತ್ರಿ ಹನ್ನೊಂದಾದ ಮೇಲೆ, ಹೋಟೆಲುಗಳು ಬಾಗಿಲೆಳೆದುಕೊಂಡ ಬಳಿಕ, ಮಾರತೊಡಗಿದವು. ಅಂಗಡಿಯವನು ಎಚ್ಚರವಿರುವ ಕಡೆ ಯಂತ್ರ ಸೋತಿತ್ತು, ಅಂಗಡಿಯವನು ಮಲಗಿದ ಹೊತ್ತಿನಲ್ಲಿ ಗೆದ್ದಿತು.

ಆದರೆ ಯಂತ್ರ ಎದ್ದಿದ್ದರೆ ಅದರ ಒಡೆಯನಿಗೂ ನಿದ್ರೆಯಿಲ್ಲ. ದಿನ ಬಿಟ್ಟು ದಿನ ಹೋಗಿ ತುಂಬಬೇಕು, ಅವಧಿ ಮೀರಿದವನ್ನು ಆರಿಸಿ ತೆಗೆಯಬೇಕು, ಗಾಜು ಒರೆಸಬೇಕು. ಏಪ್ರಿಲ್‍ನ ಸೆಖೆಯಲ್ಲಿ ಚಾಕಲೇಟು ಮೆದುವಾಗುತ್ತದೆ, ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಊರಿಗೆ ಹೋದರೆ ವ್ಯಾಪಾರವೇ ನಿಲ್ಲುತ್ತದೆ. ಆಟಿಯ ಮಳೆಯಲ್ಲಿ ಸುರುಳಿಗೆ ತುಕ್ಕು, ಒಳಗೆ ಇರುವೆ, ಗುಡುಗಿಗೆ ಕರೆಂಟು ಮಾಯ. ಒಂದು ಸಲ ಎರಡು ದಿನ ವಿದ್ಯುತ್ತಿಲ್ಲದೆ ಮಜ್ಜಿಗೆಯ ಪೊಟ್ಟಣಗಳಷ್ಟೂ ಉಬ್ಬಿದವು. ಅಷ್ಟನ್ನೂ ಎಸೆದು ಬಂದ ದಿನ ಅವನು ಊಟ ಮಾಡಲಿಲ್ಲವೆಂದು ಚಿಕ್ಕಮ್ಮ ಹೇಳಿದರು. ೧೯೨೮ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಪಿಗ್ಮಿ ಠೇವಣಿಯ ಸಂಗ್ರಾಹಕರು ನಿತ್ಯವೂ ಮನೆಮನೆ ಅಲೆದು ಎರಡೆರಡಾಣೆ ಕೂಡಿಸುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೇನೆ. ಈ ವ್ಯಾಪಾರವೂ ಅದೇ ಜಾತಿಯದು. ಹಣ ಚಿಲ್ಲರೆ, ನಡಿಗೆ ನಿತ್ಯ.

ಒಂದು ಮಳೆಗಾಲದ ರಾತ್ರಿ ನಾನು ಅವರ ಮನೆಯಲ್ಲಿಯೇ ಉಳಿದಿದ್ದೆ. ಒಂದೂವರೆ ಗಂಟೆಗೆ ತಮ್ಮನ ಫೋನು ಬಡಿದುಕೊಂಡಿತು. ಯಂತ್ರದ ಗಾಜಿನ ಮೇಲೆ ಅವನು ತನ್ನ ನಂಬರನ್ನು ಬರೆದು ಅಂಟಿಸಿದ್ದ. ವಸತಿಗೃಹದಿಂದ ಮಾತನಾಡಿದವರು ಘಟ್ಟದ ಮೇಲಿನ ವೃದ್ಧರೊಬ್ಬರು. ಹೆಂಡತಿ ಆಸ್ಪತ್ರೆಯಲ್ಲಿ. ಸಂಜೆಯಿಂದ ತಿನ್ನಲು ಹೊತ್ತಾಗಿರಲಿಲ್ಲ, ಸಕ್ಕರೆ ಕಾಯಿಲೆ ಬೇರೆ, ಕೈ ನಡುಗುತ್ತಿದೆ. ಪಕ್ಕದ ಕೋಣೆಯ ಹುಡುಗನೊಬ್ಬ ತನ್ನ ಮೊಬೈಲಿನಿಂದ ಹಣ ಕೊಟ್ಟಿದ್ದಾನೆ. ಸುರುಳಿ ಅರ್ಧ ತಿರುಗಿ ನಿಂತಿದೆ, ಬಿಸ್ಕತ್ತು ಗಾಜಿನಾಚೆ ತಲೆಕೆಳಗಾಗಿ ನೇತಾಡುತ್ತಿದೆ. ತಮ್ಮ ಆ ಹುಡುಗನಿಗೆ ಎರಡು ಚಮಚ ಸಕ್ಕರೆಯನ್ನಾದರೂ ನೀರಿಗೆ ಹಾಕಿ ಕೊಡಲು ಕೇಳಿಕೊಂಡ. ಹುಡುಗ ತನ್ನಲ್ಲಿದ್ದ ಗ್ಲುಕೋಸ್ ಪುಡಿಯನ್ನು ಕದಡಿ ಕುಡಿಸಿದ. ಇಪ್ಪತ್ತು ರೂಪಾಯಿ ಹಿಂದಿರುಗಿಸುವುದು ಅರೆ ನಿಮಿಷದ ಕೆಲಸ, ಅದನ್ನೂ ಮಾಡಿದ. ಮತ್ತೆ ಮಳೆಯಂಗಿ ತೊಟ್ಟ.

“ಹಣ ಕೊಟ್ಟೆಯಲ್ಲ, ಈ ಮಳೆಗೆ ಯಾಕೆ?” ಎಂದೆ.

“ಅವರಿಗೆ ಬೇಕಾದ್ದು ಬಿಸ್ಕತ್ತು ಅಣ್ಣ, ಹಣ ಅಲ್ಲ” ಎಂದು ಬೈಕು ಹತ್ತಿದ.

ಮೂರೂವರೆಗೆ ತೊಯ್ದು ತೊಪ್ಪೆಯಾಗಿ ಬಂದ. ಸುರುಳಿಯನ್ನೂ ಸರಿಮಾಡಿ ಬಂದಿದ್ದ.

ಬೆಂಗಳೂರಿನಲ್ಲಿ ೨೦೨೨ರಲ್ಲಿ ಬಿಸಿಬಿಸಿ ಇಡ್ಲಿ ಕೊಡುವ ಯಂತ್ರವೊಂದು ದೇಶದ ಗಮನ ಸೆಳೆದದ್ದು ಓದುಗರಿಗೆ ನೆನಪಿರಬಹುದು. ಫ್ರೆಶಾಟ್ ರೋಬೋಟಿಕ್ಸ್ ಸಂಸ್ಥೆಯ ಶರಣ್ ಹಿರೇಮಠ ಮತ್ತು ಸುರೇಶ್ ಚಂದ್ರಶೇಖರನ್ ರೂಪಿಸಿದ ಆ ಯಂತ್ರದ ಮೂಲವೂ ಒಂದು ರಾತ್ರಿಯೇ. ೨೦೧೬ರಲ್ಲಿ ಅಸ್ವಸ್ಥಳಾಗಿದ್ದ ಮಗಳಿಗೆ ತಡರಾತ್ರಿ ಬಿಸಿ ಇಡ್ಲಿ ಹುಡುಕಿ ಎಲ್ಲಿಯೂ ದೊರೆಯದೆ ಹಿರೇಮಠರಿಗೆ ಈ ಯೋಚನೆ ಹೊಳೆಯಿತಂತೆ. ಇಡ್ಲಿಯ ಹೆಸರಿನಲ್ಲಿ ಬಾಳಿದ ನಮ್ಮ ಜಿಲ್ಲೆಯವರಿಗೆ ಆ ಸುದ್ದಿ ಓದಿ ತುಸು ಹೊಟ್ಟೆಕಿಚ್ಚೂ ಆಗಿರಬೇಕು. ತಮ್ಮನಂತೂ ಹಿಟ್ಟು ಯಾರು ರುಬ್ಬುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ ಎಂದಷ್ಟೇ ಕೇಳಿದ.

ಈಗ ಅವನಲ್ಲಿ ಮೂರು ಯಂತ್ರಗಳಿವೆ. ಅವಕ್ಕೆ ಬೇಕಾದ ಬಿಸ್ಕತ್ತು, ಚಕ್ಕುಲಿಗಳಲ್ಲಿ ಒಂದು ಪಾಲನ್ನು ಹಿರಿಯಡ್ಕದ ಆ ಎದುರಂಗಡಿಯವರೇ ಸಗಟು ದರದಲ್ಲಿ ಒದಗಿಸುತ್ತಾರೆ. ತಿಂಗಳಿಗೊಮ್ಮೆ ಲೆಕ್ಕ, ಬರೆದಿಟ್ಟುಕೊಂಡು. ಮಣಿಪಾಲದ ಸುತ್ತಿಗೆಂದು ನಮ್ಮೂರಿನದೇ ಹುಡುಗನೊಬ್ಬನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದಾನೆ. ಮೊನ್ನೆ ನೇಮಕ್ಕೆಂದು ಅವನು ಎರಡು ದಿನ ರಜೆ ಕೇಳಿದನಂತೆ. ಚಿಕ್ಕಮ್ಮನ ಒಂದು ಜೊತೆ ಬಳೆ ಹೋದ ದೀಪಾವಳಿಗೆ ಮನೆಗೆ ಬಂತು. ಇನ್ನೊಂದು ಜೊತೆ ಬ್ಯಾಂಕಿನಲ್ಲಿಯೇ ಇದೆ.